ಕಲ್ ಎಂದರೆ ನಿನ್ನೆಯೋ ನಾಳೆಯೋ

ಹೋದ ವಾರ ಬೀದರದ ನೌಬಾದಿನಲ್ಲಿ ಒಂದು ಮನೆಗೆ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಲು ಹೋಗಿದ್ದೆ. ಅದು ನನ್ನ ಕೆಲಸ. ಮಳೆ ಹಿಡಿದುಕೊಂಡು ಬಟ್ಟೆ ಒಣಗದೆ ಇದ್ದುದರಿಂದ ಆ ಮನೆಯ ಹೆಣ್ಣುಮಗಳು ಮಕ್ಕಳ ಶಾಲೆಯ ಅಂಗಿಗಳನ್ನು ಹಸಿ ಇದ್ದಂತೆಯೇ ಇಸ್ತ್ರಿ ಮಾಡುತ್ತಿದ್ದಳು. ಹಸಿ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಇಟ್ಟಾಗ ಒಂದು ವಾಸನೆ ಏಳುತ್ತದೆ. ಉಗಿಯದು, ಸ್ವಲ್ಪ ಸುಟ್ಟ ಹತ್ತಿಯದು. ನಾನು ಬ್ಯಾಟರಿಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ.

"ಯಾಕ್ರಿ ಅಣ್ಣಾ, ಬ್ಯಾಟರಿ ಹೋಗ್ಯದೇನು?" ಅಂತ ಅವಳು ಕೇಳಿದಳು.

"ಇಲ್ಲವ್ವ, ಬ್ಯಾಟರಿ ಬರೋಬರ ಅದ," ಅಂದೆ.

ಬ್ಯಾಟರಿ ಸರಿಯಾಗಿಯೇ ಇತ್ತು. ನಾನು ಭಾಲ್ಕಿಗೆ ಹೋಗಿಬಿಟ್ಟಿದ್ದೆ, ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲಕ್ಕೆ.

ಭಾಲ್ಕಿಯ ಬಸ್ ಸ್ಟ್ಯಾಂಡಿನಿಂದ ಒಳಗೆ ಹೋಗುವ ಓಣಿಯಲ್ಲಿ ಕಾಶಿನಾಥಣ್ಣನ ಹೊಲಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಮಳೆಗಾಲದಲ್ಲಿ ಅಲ್ಲಿ ಯಾವಾಗಲೂ ಅದೇ ವಾಸನೆ. ಆ ವರ್ಷ ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆ ಬಿದ್ದಾಗ ಕರೆಂಟು ಹೋಗುವುದು ಹೆಚ್ಚಾಗಿ, ನಮ್ಮ ಮಾಲಕರು ಅವನ ಅಂಗಡಿಗೆ ಹೊಸ ಇನ್ವರ್ಟರ್ ಕೂಡಿಸಲು ನನ್ನನ್ನು ಬೀದರದಿಂದ ಕಳಿಸಿದರು. ನಾನು ವೈರು ಜೋಡಿಸುತ್ತಿದ್ದೆ. ಮೂಲೆಯಲ್ಲಿ ಒಂದು ಸಣ್ಣ ಟಿ.ವಿ. ಓಡುತ್ತಿತ್ತು. ಕಾಶಿನಾಥಣ್ಣ ಹೊಲಿಯುತ್ತಾ ಒಂದು ಕಣ್ಣು ಅದರ ಮೇಲೆ ಇಟ್ಟಿದ್ದ. ಸ್ಟೂಲಿನ ಮೇಲೆ ಒಬ್ಬ ಬಸ್ ಕಂಡಕ್ಟರು, ಇಮ್ತಿಯಾಜ್ ಭಾಯಿ, ಯೂನಿಫಾರ್ಮಿನ ಪ್ಯಾಂಟು ಉದ್ದ ಮಾಡಿಸಲು ಬಂದವನು, ಪ್ಯಾಂಟು ಮರೆತು ಎರಡೂ ಕಣ್ಣನ್ನು ಅದರ ಮೇಲೆ ಇಟ್ಟಿದ್ದ.

ಸೀರಿಯಲ್ಲಿನ ಹೆಸರು 'ತಾರೋಂ ಕೀ ಸರಾಯ್'. ಹೊರದೇಶದ್ದು, ಹಿಂದಿಗೆ ಡಬ್ ಆಗಿತ್ತು. ನಕ್ಷತ್ರಗಳ ನಡುವೆ ದೊಡ್ಡ ಧರ್ಮಶಾಲೆಯಂಥ ಒಂದು ನಿಲ್ದಾಣ, ಅದೇ ಸರಾಯಿ. ದೂರದೂರದ ಲೋಕಗಳಿಂದ ಬರುವ ಹಡಗುಗಳು ಅಲ್ಲಿ ತಂಗುತ್ತವೆ. ಅಲ್ಲಿ ಇಲಿಯಾನ್ ಅಂತ ಒಬ್ಬ ಮಿಸ್ತ್ರಿ. ಅವನ ಹೆಂಡತಿ ನೋರಾ ಒಂದು ಹಡಗಿನ ಕಪ್ತಾನಳು.

ಅವತ್ತು ತೋರಿಸುತ್ತಿದ್ದುದು ಸರಾಯಿಯಲ್ಲಿ ಸಾಕಿದ ಪ್ರಾಣಿಗಳ ಹಿಂಡು. ಮೈತುಂಬ ಉಣ್ಣೆ, ಆರು ಕಾಲು. ನಾನು ಔರಾದ ಕಡೆಯ ಒಂದು ಹಳ್ಳಿಯವನು, ಕುರಿ ಸಾಕುವ ಮನೆತನ. ಇಪ್ಪತ್ತು ದಾಟುವ ತನಕ ಕುರಿ ಹಿಂದೆಯೇ ತಿರುಗಿದವನು. ಕೈಯಲ್ಲಿದ್ದ ವೈರು ಬಿಟ್ಟು ನೋಡಿದೆ. ಹಿಂದಿನ ವಾರ ಜಾಗ ನೋಡಿ ಹೋಗಲು ಬಂದಾಗ ಅದೇ ಹಿಂಡು ನೋಡಿದ ನೆನಪಿತ್ತು.

"ಅಣ್ಣಾರ, ಈ ಕುರಿ ಬ್ಯಾರೆ ಅವರಿ," ಅಂದೆ.

"ಅವು ಕುರಿ ಅಲ್ಲಪಾ. ಆರು ಕಾಲಿನವು," ಅಂದ ಕಾಶಿನಾಥಣ್ಣ.

"ಕಾಲು ಎಷ್ಟರ ಇರ್ಲಿ. ಹೋದ ಸಲ ಎಡಗಿವಿ ಕೊಯ್ದ ಗುರ್ತು ಇತ್ತು. ಈಗ ನೋಡ್ರಿ, ಬಲಗಿವಿ ಕೊಯ್ದದ."

ನಮ್ಮಲ್ಲಿ ಕುರಿಯ ಕಿವಿ ಸ್ವಲ್ಪ ಕೊಯ್ದು ಗುರುತು ಮಾಡುತ್ತೇವೆ, ಯಾರ ಕುರಿ ಅಂತ ತಿಳಿಯಲಿ ಅಂತ. ಇಮ್ತಿಯಾಜ್ ಭಾಯಿ ಎದ್ದು ಟಿ.ವಿ. ಹತ್ತಿರ ಹೋಗಿ ನೋಡಿದ. ತಿರುಗಿ ನನ್ನನ್ನು ನೋಡಿದ.

"ಟೇಲರ್ ಸಾಬ, ಹೊಲಿಗಿ ಬಿಚ್ಚಿತು," ಅಂದ.

ಅದು ಅವರ ಮಾತು. ಸೀರಿಯಲ್ಲಿನಲ್ಲಿ ಹಿಂದಿನದಕ್ಕೂ ಮುಂದಿನದಕ್ಕೂ ತಾಳೆ ಆಗದಿದ್ದರೆ ಹೊಲಿಗೆ ಬಿಚ್ಚಿತು ಅನ್ನುವರು. ಕಥೆಯಲ್ಲಿ ಏನಾದರೂ ಶುರುಮಾಡಿ ಅಲ್ಲೇ ಬಿಟ್ಟಿದ್ದರೆ, ದಾರ ಜೋತಾಡಲಿಕತ್ತದ ಅನ್ನುವರು. ಇದೆಲ್ಲ ಕಾಶಿನಾಥಣ್ಣ ಇಟ್ಟ ಹೆಸರುಗಳು. ಇದರ ಜೊತೆಗೆ ಅವನು ಒಂದು ಕಾಯಿದೆ ಕೂಡ ಮಾಡಿದ್ದ. ಅದನ್ನು ಅವತ್ತೇ ನನಗೆ ಹೇಳಿದ.

"ಹೊಲಿಗಿ ಬಿಚ್ಚಿದ್ದು ತೋರ್ಸಿದಾಂವನೇ ಹೊಲೀಬೇಕು. ತಪ್ಪು ತೋರ್ಸಿ ನಕ್ಕು ಹೋಗೋದು ಸಸ್ತಾ ಕೆಲಸ. ಈಗ ನೀನೇ ಹೇಳು, ಕಿವಿ ಯಾಕ ಬದ್ಲಾತು?"

ನಾನು ವಿಚಾರ ಮಾಡಿದೆ. "ಹಿಂಡು ಬದ್ಲಿ ಆಗ್ಯದ್ರಿ. ಯಾರೋ ಇವರ ಕುರಿ ಹೊಡ್ಕೊಂಡು ಹೋಗಿ ತಮ್ಮ ಮುದಿ ಕುರಿ ಬಿಟ್ಟಾರ. ಇಲಿಯಾನ್‌ಗ ಇನ್ನ ಗೊತ್ತಾಗಿಲ್ಲ."

ಕಾಶಿನಾಥಣ್ಣ ಮಶೀನು ನಿಲ್ಲಿಸಿದ. "ಬೇಷ್. ರವಿವಾರ ಬಾ," ಅಂದ.

ಹೀಗೆ ನಾನು ಅವರಲ್ಲಿ ಒಬ್ಬನಾದೆ. ಆ ಸೀರಿಯಲ್ಲಿನ ಹೊಸ ಭಾಗ ವಾರಕ್ಕೊಂದು ಕಂತಿನಂತೆ ಬರುತ್ತಿತ್ತು. ಅವರವರ ಮನೆಯಲ್ಲಿ ನೋಡಿಕೊಂಡು ರವಿವಾರ ಮಧ್ಯಾಹ್ನ ಭಾಲ್ಕಿಯಲ್ಲಿ ಕೂಡುತ್ತಿದ್ದೆವು. ನಡುವೆ ಮಾತಾಡಲು ಫೋನಿನಲ್ಲಿ ಒಂದು ಗುಂಪು ಮಾಡಿದೆವು. ನಾನು ಅಕ್ಷರ ಕಲಿತದ್ದು ದೊಡ್ಡವನಾದ ಮೇಲೆ, ಬೀದರದ ಒಂದು ಚರ್ಚಿನ ಆವರಣದಲ್ಲಿ, ಸುಜಾತಾ ಸಿಸ್ಟರ್ ನಡೆಸುತ್ತಿದ್ದ ಸಂಜೆಯ ವರ್ಗದಲ್ಲಿ. ಒಂದೊಂದೇ ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಉಳಿದವರ ಮಾತು ಎಲ್ಲಿಗೋ ಹೋಗಿರುತ್ತಿತ್ತು. "ಬೀರಪ್ಪಂದು ಜವಾಬು ಬಂತು. ಪ್ರಶ್ನಿ ಯಾವುದಿತ್ತು ಯಾರಿಗರ ನೆಪ್ಪದೇನು?" ಅಂತ ಇಮ್ತಿಯಾಜ್ ಭಾಯಿ ಬರೆಯುತ್ತಿದ್ದ.

ನಮ್ಮ ದೊಡ್ಡ ಜಗಳ ಒಂದೇ ಮಾತಿನ ಮೇಲೆ. ಮೊದಲ ಭಾಗದ ಕೊನೆಗೆ ಕಪ್ತಾನ್ ನೋರಾ ಕಾಲವನ್ನು ದಾಟುವ ಒಂದು ಬಾಗಿಲಿನ ಒಳಗೆ ಹೋಗಿ ಮರೆಯಾಗುತ್ತಾಳೆ. ಹೋಗುವ ಮುಂಚೆ ಗಂಡನಿಗೆ ಒಂದು ಮಾತು ಹೇಳುತ್ತಾಳೆ: 'ಮುಝೆ ಕಲ್ ಮೇ ಢೂಂಡನಾ.' ನನ್ನನ್ನು ಕಲ್‌ನಲ್ಲಿ ಹುಡುಕು.

ಹಿಂದಿಯಲ್ಲಿ ಕಲ್ ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಕಲ್ ಬಂದ ಅಂದರೆ ನಿನ್ನೆ, ಕಲ್ ಬರ್ತಾನೆ ಅಂದರೆ ನಾಳೆ. ಮುಂದಿನ ಮಾತು ನೋಡಿ ತಿಳಿಯಬೇಕು. ಇಲ್ಲಿ ಮುಂದೆ ಏನೂ ಇಲ್ಲ, ಬಾಗಿಲು ಮುಚ್ಚಿಕೊಳ್ಳುತ್ತದೆ. ಹಾಗಾದರೆ ಇಲಿಯಾನ್ ಅವಳನ್ನು ಕಳೆದ ಕಾಲದಲ್ಲಿ ಹುಡುಕಬೇಕೋ, ಬರುವ ಕಾಲದಲ್ಲಿ ಹುಡುಕಬೇಕೋ? ಇಂಗ್ಲಿಷಿನಲ್ಲಿ ಹಾಕಿ ನೋಡಿದರೆ ಒಂದು ನಿಮಿಷದ ಮಾತು. ನಾನು ಅದನ್ನು ಹೇಳಿದಾಗ ಇಮ್ತಿಯಾಜ್ ಭಾಯಿ ಕಿವಿ ಮುಚ್ಚಿಕೊಂಡ.

"ಹಾಂಗ ಮಾಡಿದ್ರ ಪರೀಕ್ಷಾ ಮೊದಲೇ ಪೇಪರ್ ಒಡದಂಗ. ನಾವು ಹಿಂದಿದಾಗ ಕೂತೇವಿ, ಹಿಂದಿದಾಗೇ ಪಾಸಾಗೋಣ."

ಕಾಶಿನಾಥಣ್ಣ ನಿನ್ನೆಯ ಪಕ್ಷ. "ಹೋದಾಗ ಹ್ಯಾಂಗಿದ್ಲು ಹಾಂಗೇ ಸಿಗಬೇಕು. ನಾಳ್ಯಾಗ ಸಿಕ್ಕಾಕಿ ಆಕಿ ಹ್ಯಾಂಗ ಆಗ್ತಾಳ? ಮುಖ ಒಂದೇ ಇರ್ತದ, ಹೆಂಗಸು ಬ್ಯಾರೆ ಆಗಿರ್ತಾಳ."

ಇಮ್ತಿಯಾಜ್ ಭಾಯಿ ನಾಳೆಯ ಪಕ್ಷ. "ನಿನ್ನ್ಯಾಗ ಹೋಗಿ ಹುಡುಕಿದ್ರ ಅಲ್ಲಿ ಭಿ ಒಬ್ಬ ಇಲಿಯಾನ್ ಇರ್ತಾನಲ್ಲರಿ ಟೇಲರ್ ಸಾಬ. ಹೆಂಡ್ತಿ ಒಬ್ಬಾಕಿ, ಗಂಡ್ರು ಇಬ್ಬರು. ಪಂಚಾಯ್ತಿ ಯಾರ್ ಮಾಡೋರು?"

ನಾನು ಒಂದು ವಾರ ಈ ಕಡೆ, ಒಂದು ವಾರ ಆ ಕಡೆ. ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದೆ.

ನಮ್ಮ ಮೇಲೆ ನಗುವವರು ಒಬ್ಬರಿದ್ದರು. ಕಾಶಿನಾಥಣ್ಣನ ಹೆಂಡತಿ ಮಹಾನಂದಾ. ನಾನು ಅತ್ತಿಗೆ ಅನ್ನುವುದಕ್ಕೆ ವೈನಿ ಅನ್ನುತ್ತಿದ್ದೆ. ಉದಗೀರ ಕಡೆಯವರು, ಮಾತಿನಲ್ಲಿ ಒಂದಿಷ್ಟು ಮರಾಠಿಯ ಎಳೆತ. ಬ್ಲೌಸು ಕೊಡಲು ಬಂದ ಹೆಂಗಸರು ವೈನಿಯ ಮಾತಿಗಾಗಿಯೇ ಅರ್ಧ ಗಂಟೆ ಕೂಡುತ್ತಿದ್ದರು. ಕಾಶಿನಾಥಣ್ಣ ಅಳತೆ ಮರೆತರೆ ಒಳಗಿನಿಂದಲೇ ಹೇಳುವವರು ವೈನಿ. ನಮ್ಮ ವಾದ ಜೋರಾದಾಗ ಪರದೆ ಸರಿಸಿ ಚಹಾದ ತಾಟು ಹಿಡಿದುಕೊಂಡು ನಿಲ್ಲುತ್ತಿದ್ದರು.

"ಮೂರು ಮಂದಿ ಗಂಡಸರು ಕೂಡಿ ಇಲ್ಲದ ಹೆಂಗಸಿನ್ನ ಹುಡುಕ್ಲತ್ತೀರಿ. ಇದ್ದಾಕಿ ಚಹಾ ತಗೊಂಡು ನಿಂತಾಳ, ಆಕಿ ಯಾರಿಗಿ ಭಿ ಕಾಣ್ಲತ್ತಿಲ್ಲ."

"ನೋಡ್ರಿ ಭಾಭಿ, ನೀವರ ಹೇಳ್ರಿ. ನಿನ್ನಿಯೋ ನಾಳಿಯೋ?" ಅಂತ ಇಮ್ತಿಯಾಜ್ ಭಾಯಿ ಕೇಳುವನು.

"ನಿಮ್ಮ ಪ್ಯಾಂಟು ಕೊಡೋದಂತೂ ನಾಳಿನೇ," ಅನ್ನುವರು ವೈನಿ.

ಶ್ರಾವಣದಲ್ಲಿ ಮಳೆ ಬಿಡಲೇ ಇಲ್ಲ. ಬೀದರದ ಕೆಂಪು ಮಣ್ಣು ಒಂದು ತಾಸು ಬಿಸಿಲು ಬಿದ್ದರೆ ಗಟ್ಟಿ ಆಗುತ್ತದೆ, ಆದರೆ ಭಾಲ್ಕಿ ದಾರಿಯ ಎರೆ ಹೊಲಗಳಲ್ಲಿ ಕಾಲಿಟ್ಟರೆ ಮೊಣಕಾಲು ತನಕ ಹೋಗುತ್ತಿತ್ತು. ಹೆಸರು ಕಾಯಿ ಬಿಡಿಸಲಾಗದೆ ಗಿಡದಲ್ಲೇ ಮೊಳಕೆ ಒಡೆಯಿತು. ಅಂಥ ಒಂದು ಬೆಳಗ್ಗೆ ವೈನಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ರೊಟ್ಟಿ ಬಡಿಯುವ ಸಪ್ಪಳ ನಿಂತಿತು ಅಂತ ಕಾಶಿನಾಥಣ್ಣ ಪರದೆ ಸರಿಸಿ ನೋಡಿದರೆ, ಬಲಗೈ ಹಿಟ್ಟಿನಲ್ಲೇ ಬಿದ್ದಿತ್ತು. ಬಾಯಿ ಒಂದು ಕಡೆ ಎಳೆದಿತ್ತು. ಲಕ್ವಾ ಹೊಡೆದಿತ್ತು.

ಓಣಿಯ ಒಬ್ಬರ ಜೀಪಿನಲ್ಲಿ ಬೀದರಕ್ಕೆ ತಂದರು. ನನಗೆ ಅಕ್ಷರ ಕಲಿಸಿದ ಸುಜಾತಾ ಸಿಸ್ಟರ್ ಹಗಲು ನರ್ಸ್ ಕೆಲಸ ಮಾಡುತ್ತಿದ್ದ ಆಸ್ಪತ್ರೆ ಅದೇ. ನಾನು ಅಂಗಡಿಯಿಂದ ಓಡಿ ಹೋದೆ. ಕಾಶಿನಾಥಣ್ಣ ವರಾಂಡದ ಬೆಂಚಿನ ಮೇಲೆ ಕೂತಿದ್ದ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ನನ್ನನ್ನು ನೋಡಿ, "ಉಳೀತಾಳಂತ," ಅಂದ. ಆಮೇಲೆ, "ಮಾತು ಹೋಗ್ಯದ," ಅಂದ.

ಸಿಸ್ಟರ್ ಬಂದು ಅವನ ಪಕ್ಕದಲ್ಲಿ ಕೂತರು. "ಮಾತು ಹೋಗಿಲ್ಲರಿ ಕಾಶಿನಾಥ. ಒಳಗ ಎಲ್ಲಾ ಅದ, ಹೊರಗ ಬರೋ ದಾರಿ ಕೆಟ್ಟದ. ಆಕಿ ಮುಂದ ಕೂತು ಅಳಬ್ಯಾಡ್ರಿ. ಮಾತಾಡ್ರಿ. ಆಕಿ ಕಿವಿಮ್ಯಾಗ ಮಾತು ಬೀಳ್ತಾ ಇರ್ಬೇಕು. ಒಂದು ದಿನ ಆಕಿ ಭಿ ಆಡ್ತಾಳ."

"ಮೊದಲಿನಂಗ?"

"ಆಡ್ತಾಳ," ಅಂತ ಸಿಸ್ಟರ್ ಮತ್ತೊಮ್ಮೆ ಅಂದರು.

ಮನೆಗೆ ಕರೆದುಕೊಂಡು ಹೋದ ಮೇಲೆ ನೋಡಲು ಬರುವವರಿಗೆ ಕೊರತೆ ಇರಲಿಲ್ಲ. ಆದರೆ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮಾತನ್ನೂ ಅಲ್ಲೇ ಬಿಟ್ಟು ಬರುತ್ತಿದ್ದರು. ಮಂಚದ ಪಕ್ಕ ಕೂತು, ಎಂಥಾ ಮಾತಿನಾಕಿ, ಎಂಥಾ ಮಾತಿನಾಕಿ ಅಂತ ಸತ್ತವರ ಬಗ್ಗೆ ಹೇಳಿದಂತೆ ಹೇಳುವರು. ಆಮೇಲೆ ಸುಮ್ಮನೆ ಕೂತು ಎದ್ದು ಹೋಗುವರು. ವೈನಿ ಗೋಡೆಯ ಕಡೆ ಮುಖ ಮಾಡಿಕೊಳ್ಳುತ್ತಿದ್ದರು.

ಮುಂದಿನ ರವಿವಾರ ನಾನೂ ಇಮ್ತಿಯಾಜ್ ಭಾಯಿಯೂ ಹೋದೆವು. ನಮಗೂ ಮಾತು ಹುಟ್ಟಲಿಲ್ಲ. ಕಾಶಿನಾಥಣ್ಣ ನಮ್ಮ ಮುಖ ನೋಡಿದ. ಸಿಸ್ಟರ್ ಮಾತಾಡಿರಿ ಅಂದದ್ದು ಎಲ್ಲರಿಗೂ ಗೊತ್ತಿತ್ತು, ಏನು ಮಾತಾಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಇಮ್ತಿಯಾಜ್ ಭಾಯಿ ಗಂಟಲು ಸರಿಮಾಡಿಕೊಂಡ.

"ಟೇಲರ್ ಸಾಬ, ನಾ ಒಂದು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಈ ವಾರದ ಕಂತಿನಾಗ ಇಲಿಯಾನ್ ಆ ಬಾಗಿಲಿನ ಬೀಗಾ ಬಿಚ್ಯಾನ. ಒಳಗಿಂದ ಗಾಳಿ ಬಿಸಿ ಬಂತು. ಹೋದ ವರ್ಷ ತಣ್ಣಗ ಬಂದಿತ್ತು. ನಾಳಿ ಅಂದ್ರ ಬಿಸಿ. ನಂದೇ ಖರೇ ಆತು."

ಕಾಶಿನಾಥಣ್ಣ ಅವನನ್ನೇ ನೋಡಿದ. ಎದ್ದು ಹೋಗು ಅನ್ನುತ್ತಾನೆ ಅಂದುಕೊಂಡೆ. "ಹೊಲಿಗಿ ಬಿಚ್ಚಿದ್ದು ಅಷ್ಟೇ," ಅಂದ, ದನಿ ಸಣ್ಣಗಿತ್ತು. "ಗಾಳಿ ಬಿಸಿ ಬಂದ್ರ ನಾಳಿ ಹ್ಯಾಂಗ ಆಗ್ತದ? ಬಾಗಲಾ ಬಿಸಲಿಗಿ ಇಟ್ಟಿರ್ತಾರ."

"ಆಕಾಶದಾಗ ಬಾಗಲಾ ಬಿಸಲಿಗಿ ಯಾರ್ ಇಡ್ತಾರ?"

"ಸೂರ್ಯ ಅಲ್ಲೇ ಇರ್ತಾನಲ್ಲ."

"ಯಾವ ಸೂರ್ಯ? ಸರಾಯಿಗಿ ಸೂರ್ಯ ಇಲ್ಲ ಅಂತ ಮೊದಲೇ ಹೇಳ್ಯಾರ. ಬೀರಪ್ಪ, ನೀ ಹೇಳು, ಹೇಳ್ಯಾರೋ ಇಲ್ಲೋ?"

ನಾನು, "ಹೇಳ್ಯಾರ್ರಿ, ಆದ್ರ ಕುರಿ ನೆಳ್ಳಾಗ ಮಲಗಿದ್ದು ಭಿ ತೋರ್ಸ್ಯಾರ. ಸೂರ್ಯ ಇಲ್ಲಂದ್ರ ನೆಳ್ಳು ಎಲ್ಲಿಂದ?" ಅಂದೆ.

ಮೂವರೂ ಒಮ್ಮೆಲೇ ಮಾತಾಡತೊಡಗಿದೆವು. ಮಂಚದ ಕಡೆಯಿಂದ ಒಂದು ದನಿ ಬಂತು. ಒಡೆದ ದನಿ, ಆದರೆ ಸ್ಪಷ್ಟ.

"ಹುಚ್ಚರು."

ವೈನಿ ಗೋಡೆ ಬಿಟ್ಟು ನಮ್ಮ ಕಡೆ ತಿರುಗಿದ್ದರು. ಬೈಗುಳ ಮೊದಲು ಬರುತ್ತದೆ, ಎಷ್ಟೋ ಜನಕ್ಕೆ ಹಾಗೇ ಆಗುತ್ತದೆ ಅಂತ ಸಿಸ್ಟರ್ ಆಮೇಲೆ ಹೇಳಿದರು. ಅವತ್ತು ನಮಗೆ ಅದು ಗೊತ್ತಿರಲಿಲ್ಲ. ಇಮ್ತಿಯಾಜ್ ಭಾಯಿ ಎದ್ದು ನಿಂತು, "ಖರೇ ಅದರಿ ಭಾಭಿ, ಮೂರು ಮಂದಿ ಭಿ ಹುಚ್ಚರೇ," ಅಂತ ಕೈ ಜೋಡಿಸಿದ. ಕಾಶಿನಾಥಣ್ಣ ಪರದೆಯ ಆಚೆ ಅಂಗಡಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಅಂದಿನಿಂದ ಮಾತು ಒಂದೊಂದಾಗಿ ಬಂತು. ಆದರೆ ಅದಲು ಬದಲಾಗಿ ಬಂತು. ನೀರು ಬೇಕಾದರೆ ಉಪ್ಪು ಅನ್ನುವರು. ಕಿಟಕಿ ಮುಚ್ಚು ಅನ್ನಲು ಹೋಗಿ ಕತ್ತರಿ ಮುಚ್ಚು ಅನ್ನುವರು. ನಿನ್ನೆಗೂ ನಾಳೆಗೂ ಫರಕೇ ಉಳಿದಿರಲಿಲ್ಲ. ನಾವು ಹೊರಟಾಗ, "ನಿನ್ನಿ ಬರ್ರಿ," ಅಂದರು ಒಂದು ಸಲ. ಇಮ್ತಿಯಾಜ್ ಭಾಯಿಗೆ ನಗು ಬಂತು, ಒಳ್ಳೆಯ ನಗು, ವೈನಿಯೂ ನಗುವವರಿದ್ದರು. ಆದರೆ ಕಾಶಿನಾಥಣ್ಣ ಹತ್ತಿರ ಹೋಗಿ ಕೂತ.

"ನಿನ್ನಿ ಅಲ್ಲ ಮಹಾನಂದಾ. ನಾಳಿ. ನಾಳಿ ಬರ್ರಿ ಅನ್ನು."

"ನಿ..." ಅಂದರು ವೈನಿ.

"ನಾ. ನಾಳಿ. ನನ್ನ ಬಾಯಿ ನೋಡು. ನಾ, ಳಿ."

ವೈನಿ ಅವನ ಬಾಯಿ ನೋಡಿದರು, ನಮ್ಮನ್ನು ನೋಡಿದರು, ಆಮೇಲೆ ಎಡಗೈಯಿಂದ ಸೆರಗು ಎಳೆದು ಬಾಯಿ ಮುಚ್ಚಿಕೊಂಡರು.

ಕಾಶಿನಾಥಣ್ಣ ಸಿಟ್ಟಿನಿಂದ ತಿದ್ದುತ್ತಿರಲಿಲ್ಲ. ಅಕ್ಕರೆಯಿಂದಲೇ ತಿದ್ದುತ್ತಿದ್ದ, ಆದರೆ ಒಂದು ಮಾತನ್ನೂ ಬಿಡುತ್ತಿರಲಿಲ್ಲ. ಹೊಲಿಯುತ್ತಾ ತಿದ್ದುವನು, ಉಣ್ಣಿಸುತ್ತಾ ತಿದ್ದುವನು. ಭಾದ್ರಪದ ಬರುವ ಹೊತ್ತಿಗೆ ವೈನಿ ಕೈ ಹಿಡಿದುಕೊಂಡು ನಡೆಯತೊಡಗಿದ್ದರು, ಅಂಗಡಿಯ ಕುರ್ಚಿಯಲ್ಲಿ ಬಂದು ಕೂಡುತ್ತಿದ್ದರು, ಆದರೆ ಮಾತು ಮತ್ತೆ ಕಡಿಮೆ ಆಗಿತ್ತು. ನೀರು ಬೇಕಾದರೆ ಬೆರಳು ತೋರಿಸುವರು. ನಾವು ವಾದ ಮಾಡುವಾಗ ಕಣ್ಣು ನಮ್ಮ ಜೊತೆಗೆ ಓಡುತ್ತಿತ್ತು, ತುಟಿ ಅಲ್ಲಾಡುತ್ತಿತ್ತು, ಗಂಡನ ಕಡೆ ಒಮ್ಮೆ ನೋಡಿ ನಿಂತುಬಿಡುತ್ತಿತ್ತು. ನಾನು ಬೀದರದಲ್ಲಿ ಸಿಸ್ಟರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು.

"ಈಗ ಬಾಯಿ ಮುಚ್ಚಿಕೊಂಡ್ರ ಹಾಂಗೇ ಕೂತುಬಿಡ್ತದ ಬೀರಪ್ಪ. ಈ ದಿನಗಳು ಹೋದ್ರ ಮತ್ತ ಬರೋದಿಲ್ಲ. ನಾ ಹೇಳಿದ್ರ ಆಸ್ಪತ್ರಿ ಮಾತು ಅಂತಾನ. ನೀವು ದೋಸ್ತರು ಹೇಳ್ರಿ."

ಅದೇ ವಾರ ಇನ್ನೊಂದು ಸುದ್ದಿ ಬಂತು. 'ತಾರೋಂ ಕೀ ಸರಾಯ್' ನಿಂತಿತು. ಮುಂದಿನ ಭಾಗ ತೆಗೆಯುವುದಿಲ್ಲವಂತೆ. ಇಲಿಯಾನ್ ಆ ಬಾಗಿಲಿನ ಒಳಗೆ ಒಂದು ಕಾಲು ಇಟ್ಟಿದ್ದ, ಅಷ್ಟಕ್ಕೇ ಮುಗಿಯಿತು. ನಿನ್ನೆಯೋ ನಾಳೆಯೋ ಯಾರೂ ಹೇಳಲಿಲ್ಲ. ಎಲ್ಲ ದಾರಗಳೂ ಜೋತಾಡುತ್ತಲೇ ಉಳಿದವು.

ಆ ರವಿವಾರ ವೈನಿ ಒಳಗೆ ಮಲಗಿದ್ದರು. ಅಂಗಡಿಯಲ್ಲಿ ಮೂವರೇ ಇದ್ದೆವು. ಕಾಶಿನಾಥಣ್ಣ ಹಸಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ. ಮಾತು ಶುರುಮಾಡುವುದು ನನಗೆ ಬರುವುದಿಲ್ಲ. ಅದಕ್ಕೆ ನನ್ನದೇ ಕಥೆ ಹೇಳಿದೆ.

"ಅಣ್ಣಾ, ನಾ ಅಕ್ಷರ ಕಲೀಲಿಕ್ಕಿ ಹೋದಾಗ ಪುಸ್ತಕದಾಗ ಮನೆ ಅಂತ ಇರ್ತಿತ್ತು. ನನ್ನ ಬಾಯಾಗ ಮನಿ ಅಂತ ಬರ್ತಿತ್ತು. ಒಬ್ಬ ಹೊಸಾ ಮಾಸ್ತರ ಇದ್ದ. ಮನಿ ಅಲ್ಲ, ಮನೆ, ಅಂತಿದ್ದ. ನಾ ಮತ್ತ ಮನಿ ಅಂತಿದ್ದೆ. ಪಾಪ, ಛೊಲೋ ಮನಸ್ಯಾನೇ. ಆದ್ರ ನಾ ಸುಮ್ಮ ಆಗಿಬಿಟ್ಟೆ. ಓದು ಅಂದ್ರ ಕಣ್ಣು ಕಾಣ್ಸವಲ್ದು ಅಂತಿದ್ದೆ. ಸಾಲಿ ಬಿಟ್ಟು ಕುರಿ ಕಡಿ ಹೋಗ್ಲಿಕ್ಕಿ ನಿಂತಿದ್ದೆ."

"ಮತ್ತ?"

"ಸಿಸ್ಟರ್ ಕೇಳಿದ್ರು. ಕೇಳಿ ಹೇಳಿದ್ರು, ಮನಿ ಅಂದ್ರ ಭಿ ಒಳಗ ಹೋಗ್ಲಿಕ್ಕಿ ಬರ್ತದ, ಮನೆ ಅಂದ್ರ ಭಿ ಬರ್ತದ, ನೀ ಮುಂದ ಓದು ಅಂತ."

ಕಾಶಿನಾಥಣ್ಣನಿಗೆ ತಿಳಿಯಿತು. ಇಸ್ತ್ರಿ ಎತ್ತಿ ನಿಲ್ಲಿಸಿದ.

"ನೀವು ವಾರಕ್ಕೊಮ್ಮಿ ಬರ್ತೀರಿ," ಅಂದ. "ನಕ್ಕು ಹೋಗ್ತೀರಿ. ದಿನಾ ಕೇಳೋನು ನಾ. ಆಕಿ ಉಪ್ಪು ಅಂದಾಗೆಲ್ಲಾ ನನ್ನ ಮಹಾನಂದಾ ಹೋದ್ಲು ಅಂತ ಯಾರೋ ಬಂದು ಹೇಳಿದಂಗ ಆಗ್ತದ. ಬರೋಬರ ಅಂದ್ಲಂದ್ರ ಸಿಕ್ಕಳು ಅಂತ ಆಗ್ತದ. ನಾ ತಿದ್ಲತ್ತಿಲ್ಲ ತಮ್ಮಾ. ಹುಡುಕ್ಲತ್ತೇನಿ."

ಇಮ್ತಿಯಾಜ್ ಭಾಯಿ ಟಿಕೆಟ್ ಚೀಲದ ಪಟ್ಟಿ ಸುತ್ತುತ್ತಾ ಬಿಚ್ಚುತ್ತಾ ಇದ್ದ.

"ಟೇಲರ್ ಸಾಬ, ಕಾಯಿದೆ ಮಾಡಿದಾಂವ ನೀವೇ," ಅಂದ. "ಆ ಪರದೇಶದ ಮಂದಿ, ನಮ್ಮ ಮುಖ ನೋಡಿದವ್ರಲ್ಲ, ಅವ್ರು ಕುರಿ ಕಿವಿ ತಪ್ಪು ತೋರ್ಸಿದ್ರ ನಾವು ಕೂತು ಅದಕ್ಕೊಂದು ಅರ್ಥ ಹುಡುಕ್ದೇವು. ನೆಳ್ಳು ತಪ್ಪು ಬಿದ್ರ ಹುಡುಕ್ದೇವು. ಒಂದು ಸಲ ಭಿ ಇದು ನಮ್ಮ ಸರಾಯಿ ಅಲ್ಲ ಅಂತ ಬಿಟ್ಟು ಎದ್ದಿಲ್ಲ. ಭಾಭಿದೊಂದು ಮಾತಿಗಿ ಅರ್ಥ ಹುಡುಕ್ಲಿಕ್ಕಿ ಆಗೋದಿಲ್ಲೇನ್ರಿ?"

ಕಾಶಿನಾಥಣ್ಣ ಇಸ್ತ್ರಿ ಮತ್ತೆ ಬಟ್ಟೆಯ ಮೇಲೆ ಇಟ್ಟ. ನಾವು ಹೇಳದೆ ಎದ್ದು ಬಂದೆವು. ಬಸ್ಸಿನಲ್ಲಿ ಇಮ್ತಿಯಾಜ್ ಭಾಯಿ, "ಜಾಸ್ತಿ ಆತೇನು?" ಅಂತ ಕೇಳಿದ. ನನಗೂ ಗೊತ್ತಿರಲಿಲ್ಲ.

ಎರಡು ರವಿವಾರ ಹೋಗಲಿಲ್ಲ. ಫೋನಿನ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಬರೆಯಲು ಸೀರಿಯಲ್ಲೂ ಇರಲಿಲ್ಲ. ಸರಾಯಿ ನಿಂತ ಮೇಲೆ ನಾವು ಯಾಕೆ ಕೂಡಬೇಕು ಅನ್ನುವುದಕ್ಕೆ ಕಾರಣವೇ ಉಳಿದಿಲ್ಲ ಅಂತ ಒಮ್ಮೆ ಅನ್ನಿಸಿತು. ಮೂರನೆಯ ವಾರ ಕಾಶಿನಾಥಣ್ಣನೇ ಫೋನು ಮಾಡಿದ. "ಬ್ಯಾಟರಿ ನೀರು ಕಡಿಮಿ ಆಗ್ಯದ," ಅಂದ. ನೀರು ಹಾಕಿ ತಿಂಗಳು ಆಗಿರಲಿಲ್ಲ. ನಾನು ಅದನ್ನು ಹೇಳಲಿಲ್ಲ. ಇಮ್ತಿಯಾಜ್ ಭಾಯಿಯನ್ನೂ ಕರೆದುಕೊಂಡು ಹೋದೆ.

ದಸರಾ ಹತ್ತಿರ ಬಂದಿತ್ತು. ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ, ಹೊ​ಲಿಯುವ ಬಟ್ಟೆಯ ಗಂಟುಗಳು. ವೈನಿ ಕುರ್ಚಿಯಲ್ಲಿ ಕೂತು ಎಡಗೈಯಿಂದ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದರು. ನಮ್ಮನ್ನು ನೋಡಿ ತಲೆ ಅಲ್ಲಾಡಿಸಿದರು, ಮಾತಾಡಲಿಲ್ಲ. ಕಾಶಿನಾಥಣ್ಣ ತಲೆ ಎತ್ತದೆ, "ಕೂಡ್ರಿ," ಅಂದ. ನಾನು ಬ್ಯಾಟರಿಯ ಹತ್ತಿರ ಹೋಗಿ ನೀರು ನೋಡಿದ ಹಾಗೆ ಮಾಡಿದೆ.

ಆಗ ಓಣಿಯ ಒಬ್ಬಳು ಹೆಣ್ಣುಮಗಳು ಕೊಡೆ ಮಡಿಚುತ್ತಾ ಬಂದಳು. "ಕಾಕಾ, ನನ್ನ ಬ್ಲೌಸು ಎಂದು ಕೊಡ್ತೀರಿ? ಈಗ ಒಂದು ತಿಂಗಳಿಂದ ನಾಳಿ ನಾಳಿ ಅನ್ಲತ್ತೀರಿ."

ಕಾಶಿನಾಥಣ್ಣ ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದ. ಬಾಯಿ ತೆರೆಯುವ ಮುಂಚೆ ವೈನಿಯಿಂದ ಮಾತು ಬಂದುಬಿಟ್ಟಿತು. ಅಂಗಡಿಗೆ ಬಂದವರಿಗೆ ಇಷ್ಟು ವರ್ಷ ಜವಾಬು ಕೊಟ್ಟ ಬಾಯಿ ಅದು, ತಡೆದುಕೊಳ್ಳಲಿಲ್ಲ.

"ನಿನ್ನಿ ಬಾ," ಅಂದರು.

ಆ ಹೆಣ್ಣುಮಗಳು ನಗು ತಡೆಯಲಾರದೆ ನಕ್ಕಳು. ವೈನಿಗೆ ತಿಳಿಯಿತು. ಕೈಯಲ್ಲಿದ್ದ ಗುಂಡಿ ಕೆಳಗಿಟ್ಟರು. ಎಡಗೈ ಸೆರಗಿಗೆ ಹೋಯಿತು. ಕಣ್ಣು ಗಂಡನ ಕಡೆ ಹೋಯಿತು. ನಾನು ಬ್ಯಾಟರಿ ಬಿಟ್ಟು ನಿಂತೆ. ಇಮ್ತಿಯಾಜ್ ಭಾಯಿ ಚಹಾದ ಲೋಟ ಬಾಯಿಯ ಹತ್ತಿರ ಹಿಡಿದುಕೊಂಡು ಹಾಗೇ ಇದ್ದ.

ಕಾಶಿನಾಥಣ್ಣ ಬಾಯಿಂದ ಸೂಜಿ ತೆಗೆದು ಅಂಗಿಯ ಜೇಬಿಗೆ ಚುಚ್ಚಿಕೊಂಡ. ಒಂದು ಕ್ಷಣ ಅವನ ತುಟಿ ನಾ ಅನ್ನುವುದಕ್ಕೆ ತೆರೆದದ್ದು ನನಗೆ ಕಂಡಿತು. ಅದನ್ನು ಮುಚ್ಚಿದ. ಆ ಹೆಣ್ಣುಮಗಳ ಕಡೆ ತಿರುಗಿದ.

"ನಗೋದೇನದ? ಆಕಿ ಹೇಳಿದ್ದು ಕೇಳಿಲ್ಲೇನು? ನನ್ನ ನಾಳಿ ನಂಬಿ ನೀ ಒಂದು ತಿಂಗಳು ತಿರುಗಿದಿ. ಈಗ ಆಕಿ ಹೇಳಿದ ದಿನಕ್ಕ ಬಾ. ತಯಾರ್ ಇರ್ತದ."

"ನಿನ್ನಿ ಹ್ಯಾಂಗ ಬರ್ಲಿ ಕಾಕಾ?"

"ಅದು ನನಗ ಕೇಳಬ್ಯಾಡ. ಒಂದು ವರ್ಷದಿಂದ ನಾವು ಅದೇ ವಿಚಾರ ಮಾಡ್ಲತ್ತೇವಿ," ಅಂದ ಕಾಶಿನಾಥಣ್ಣ, ಮಶೀನಿಗೆ ಕಾಲು ಹಾಕಿದ.

ಇಮ್ತಿಯಾಜ್ ಭಾಯಿಯ ಮೂಗಿನಿಂದ ಚಹಾ ಬಂತು. ಆ ಹೆಣ್ಣುಮಗಳು ಯಾರು ಯಾರ ಮೇಲೆ ನಗುತ್ತಿದ್ದಾರೆ ಅಂತ ತಿಳಿಯದೆ ಕೊಡೆ ಬಿಚ್ಚಿಕೊಂಡು ಹೋದಳು. ವೈನಿಯ ಎಡಗೈ ಸೆರಗಿನ ತುದಿ ಹಿಡಿದು ಎದೆಯ ತನಕ ಬಂದಿತ್ತು, ಅಲ್ಲೇ ನಿಂತಿತ್ತು. ಗಂಡ ಇನ್ನೇನಾದರೂ ಹೇಳುತ್ತಾನೋ ಅಂತ ಕಾಯ್ದರು. ಅವನು ಹೇಳಲಿಲ್ಲ. ಸೆರಗು ಬಿಟ್ಟರು.

ಆಮೇಲೆ ವೈನಿಯ ಮಾತು ಶುರುವಾಯಿತು. ಆ ಹುಡುಗಿಯ ಅತ್ತೆ ಎಂಥವಳು ಅಂತ, ಆ ಬ್ಲೌಸಿನ ಬಟ್ಟೆ ಎಷ್ಟು ಕಳಪೆ ಅಂತ, ಇಮ್ತಿಯಾಜ್ ಭಾಯಿ ಚಹಾ ಚೆಲ್ಲಿದ ಗೋಡೆಯನ್ನು ಯಾರು ಹೊಲಿಯಬೇಕು ಅಂತ. ಒರೆಸುವುದಕ್ಕೆ ಹೊಲಿಯುವುದು ಅಂದಿದ್ದರು. ಅರ್ಧ ಕನ್ನಡ, ಅರ್ಧ ಮರಾಠಿ, ಅರ್ಧ ಯಾವ ಭಾಷೆಯೂ ಅಲ್ಲ. ಸಂಜೆಯ ಬಸ್ಸಿನ ಹೊತ್ತಾದರೂ ನಮ್ಮನ್ನು ಬಿಡಲಿಲ್ಲ. ನಮಗೆ ತಿಳಿಯದ ಮಾತು ಬಂದಾಗ ನಾವು ಕಾಶಿನಾಥಣ್ಣನ ಮುಖ ನೋಡುತ್ತಿದ್ದೆವು. ಅವನು ಹೊಲಿಗೆಯ ಮೇಲೆ ಕಣ್ಣಿಟ್ಟು ಎಲ್ಲದಕ್ಕೂ, "ಹೂಂ, ಖರೇ ಅದ," ಅನ್ನುತ್ತಿದ್ದ.